ಮಾಮನ ಕಾರಿನ ನಾಲ್ಕನೇ ಅವತಾರ

ಹಬ್ಬಕ್ಕೆ ಮಕ್ಕಳಿಗೆ ಹೊಸ ಅಂಗಿ ಹೊಲಿಸುವವರನ್ನು ನೀವು ನೋಡಿರಬಹುದು. ಕಾರಿಗೆ ಹೊಲಿಸುವವರನ್ನು ನೋಡಬೇಕೆಂದರೆ ಅಂಕೋಲೆಗೆ ಬನ್ನಿ, ನನ್ನ ಸೋದರಮಾವನ ಮನೆ ತೋರಿಸುತ್ತೇನೆ!

ಮಾಮನಿಗೆ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳಿಗೆ ಫೈಬರ್ ಮೆತ್ತುವ ಕೆಲಸ. ಮನೆಯಲ್ಲಿ ಒಂದು ಹಳೇ ಕಾರು, ತಲೆಯಲ್ಲಿ ಒಂದು ಇಂಗ್ಲಿಷ್ ಸಿನಿಮಾದ ಕರಿ ಕಾರು. ಹರೆಯದಲ್ಲಿ ಕಾರವಾರದ ಟಾಕೀಸಿನಲ್ಲಿ ಅದನ್ನು ನೋಡಿದ್ದೇ ನೋಡಿದ್ದು, ಹೀರೋನ ಮುಖ ಮರೆತುಹೋಯಿತು, ಕಾರು ಮಾತ್ರ ತಲೆಯಲ್ಲೇ ಉಳಿಯಿತು. ಆ ಸಿನಿಮಾ ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ, ಪ್ರತಿ ಸಲವೂ ಕಾರಿನ ಆಕಾರ ಬದಲಾಗುತ್ತದೆ. ಅವರು ಬದಲಾಯಿಸಿದರೆ ಇವನು ಸುಮ್ಮನಿರಲು ಸಾಧ್ಯವೇ? ಫೈಬರ್ ತಂದು ಮೆತ್ತಲು ಕೂರುತ್ತಾನೆ. ಹೀಗಾಗಿ ಸ್ವಂತ ಕಾರಿರುವ ನನ್ನ ಮಾಮ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಾನೆ. ಕಾರು ಯಾವಾಗಲೂ ಒಣಗುತ್ತಿರುತ್ತದೆ!

ಮೊದಲ ಸಿನಿಮಾದಲ್ಲಿ ಕಾರಿನ ಹಿಂದೆ ಎರಡು ಚೂಪು ರೆಕ್ಕೆಗಳಿದ್ದವು. ಮಾಮನೂ ಇಟ್ಟ. ಅದೇನು ಬಂದರಿನ ಗಾಳಿಯೋ, ರೆಕ್ಕೆ ಹೋಗಿ ಮೀನಿನ ಬಾಲವಾಯಿತು. ಮೀನುಪೇಟೆಯ ಎದುರು ನಿಲ್ಲಿಸಿದಾಗ ಮೀನು ಮಾರುವ ಹೆಂಗಸೊಬ್ಬಳು ಕಾರನ್ನು ಒಂದು ಸುತ್ತು ಹಾಕಿ ಕೇಳಿದಳು, “ಬಾಲ ಚಲೋ ಅದೆ ಅಣ್ಣಾ. ತಲೆ ಯಾರಿಗೆ ಮಾರ್ದಿ?”

ಮುಂದೆ ಸಿನಿಮಾದ ಕಾರಿಗೆ ಉದ್ದ ಮೂತಿ ಬಂತು. ಮಾಮನಿಗೆ ಗೊತ್ತಿರುವ ಮೂತಿ ಬೋಟಿನದೊಂದೇ ತಾನೇ? ಅದನ್ನೇ ಕೂರಿಸಿದ. ಕಾರು ಮನೆಯ ಓಣಿಯಲ್ಲಿ ತಿರುಗುವುದನ್ನೇ ಬಿಟ್ಟಿತು. ಹೋಗುವಾಗ ಮುಖ ಮುಂದೆ, ಬರುವಾಗ ಹಿಂಬದಿ ಮುಂದೆ. ನೂಲಹುಣ್ಣಿಮೆಯ ದಿನ ಬಂದರಿಗೆ ಒಯ್ದಿದ್ದ. ಬೋಟುಗಳಿಗೆ ಪೂಜೆ ಮಾಡುತ್ತ ಬಂದ ಜನ ಸಾಲಿನಲ್ಲಿದ್ದ ಈ ಮೂತಿಗೂ ಹೂ ಹಾಕಿ, ಕಾಯಿ ಒಡೆದು ಮುಂದೆ ಹೋದರು. ಯಾರಿಗೂ ಅನುಮಾನವೇ ಬರಲಿಲ್ಲ.

ಆಮೇಲೆ ಸಿನಿಮಾದವರಿಗೆ ಏನಾಯಿತೋ, ಕಾರು ಯುದ್ಧದ ಟ್ಯಾಂಕಿನಂತಾಯಿತು. ಮಾಮ ಮೂತಿ ಕೊಯ್ದು, ಮೈತುಂಬ ಹಲಗೆ ಹೊಡೆದು, ದಪ್ಪ ಚಕ್ರ ಹಾಕಿ ಕಾರನ್ನು ಮೊಣಕಾಲೆತ್ತರಕ್ಕೆ ಏರಿಸಿದ. ಹೆದ್ದಾರಿಯಲ್ಲಿ ಪೊಲೀಸರು ತಡೆದು ಇದೆಂಥ ವಾಹನ ಎಂದರು. ಮಾಮ ಮೊದಲ ಸಿನಿಮಾದಿಂದ ಶುರು ಮಾಡಿದ. ಅರ್ಧ ಗಂಟೆಯಾದರೂ ಅವನಿನ್ನೂ ಎರಡನೆಯದರಲ್ಲೇ ಇದ್ದ. ಕೊನೆಗೆ ಪೊಲೀಸರೇ ಕೈ ಮುಗಿದು, “ನೀವು ಮನೆಗೆ ಹೋಗಿ ಮಾರಾಯ್ರೆ” ಎಂದರು.

ಇಷ್ಟರಲ್ಲಿ ಅತ್ತೆ ಬಾವಿಕಟ್ಟೆಯ ಬಳಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಶನ್ ಚೆನ್ನಾಗಿಯೇ ಆಯಿತು. ಆದರೆ ಬಲಗಾಲು ಸರಿಯಾಗಿ ಮಡಚುತ್ತಿರಲಿಲ್ಲ. ವಾಕರ್ ಹಿಡಿದು ಜಗಲಿಯವರೆಗೆ ನಡೆದರೆ ಅದೇ ದೊಡ್ಡ ಪ್ರವಾಸ. ಹಾರವಾಡದಲ್ಲಿರುವ ತನ್ನ ಅಕ್ಕನ ಮನೆಗೆ ಒಮ್ಮೆ ಹೋಗಿ ಬರಬೇಕೆಂಬ ಆಸೆಯೊಂದಿತ್ತು. ರಿಕ್ಷಾದಲ್ಲಿ ಹೊರಟು, ನೋವು ತಡೆಯಲಾರದೆ ಅರ್ಧ ದಾರಿಯಿಂದ ಅಳುತ್ತ ವಾಪಸು ಬಂದಳು. ನಮ್ಮ ಟ್ಯಾಂಕನ್ನು ಹತ್ತಲಂತೂ ಏಣಿಯೇ ಬೇಕು.

“ನಾ ಇನ್ನು ಎಲ್ಲೂ ಬರೂದಿಲ್ಲ, ನನ್ನ ಕರೀಬೇಡಿ” ಎಂದುಬಿಟ್ಟಳು. ಎಂಟು ತಿಂಗಳು ಹಾಗೇ ಕಳೆಯಿತು. ಜಗಳಕ್ಕೂ ಬಾಯಿ ಬಿಡದ ಅತ್ತೆಯನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಆಗ ಸರಿಯಾಗಿ ಹೊಸ ಸಿನಿಮಾ ಬಂತು! ಕಾರು ಮತ್ತೆ ನೆಲಕ್ಕಿಳಿದು, ಬಡಕಲಾಗಿ, ಎಂಜಿನ್ನು ಹೊರಗೆ ಕಾಣುವಂತಾಗಿತ್ತು. ಮಾಮ ಮೊಬೈಲಿನಲ್ಲಿ ಅದನ್ನು ನೋಡಿ, ಅಂಗಳದಲ್ಲಿ ಕಾರಿನ ಸುತ್ತ ತಾಡಪಾಲು ಕಟ್ಟಿದ. ಹೆಂಡತಿ ಈ ಸ್ಥಿತಿಯಲ್ಲಿರುವಾಗಲೂ ಇವನಿಗೆ ಸಿನಿಮಾವೇ ಬೇಕೇ ಎಂದು ನನಗೆ ಸಿಟ್ಟು ಬಂತು. ನಾಲ್ಕು ಮಾತು ಆಡಿಯೇ ಬಿಡೋಣವೆಂದು ತಾಡಪಾಲು ಸರಿಸಿದೆ.

ಮಾಮ ಬಲಗಾಲಿಗೆ ತೊಡೆಯಿಂದ ಹಿಮ್ಮಡಿಯವರೆಗೆ ಒಂದು ಮರದ ರೀಪು ಕಟ್ಟಿಕೊಂಡಿದ್ದ. ಕಾಲು ಮಡಚದೆ ಕಾರಿನೊಳಗೆ ಕೂರುವುದು, ಇಳಿಯುವುದು, ಮತ್ತೆ ಕೂರುವುದು. ನನಗೆ ನಗು ಬಂತು.

“ನಗ್ಬೇಡ ತಂಗಿ. ತಲೆ ತಾಗ್ತದೆ. ಇಲ್ಲಿ ಇನ್ನೂ ನಾಲ್ಕು ಬೆರಳು ಕೊಯ್ಬೇಕು” ಎಂದ. ಬೈಯಲು ಬಂದಿದ್ದ ನಾನು ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದೆ.

ತಾಡಪಾಲು ತೆಗೆದಾಗ ರೆಕ್ಕೆ, ಮೂತಿ, ಹಲಗೆ ಒಂದೂ ಇರಲಿಲ್ಲ. ಮುಂದಿನ ಎಡಬಾಗಿಲು ಗೋಡೆಯಷ್ಟು ಅಗಲವಾಗಿ ತೆರೆಯುತ್ತಿತ್ತು. ಸೀಟು ಹಳಿಯ ಮೇಲೆ ಜಾರಿ ಹೊರಬಂದು ನಿಲ್ಲುತ್ತಿತ್ತು. ಅದರ ಎತ್ತರ ಜಗಲಿಯಲ್ಲಿ ಅತ್ತೆ ಕೂರುವ ಕುರ್ಚಿಯದೇ ಅಳತೆ.

“ಇದು ಯಾವ ಸಿನಿಮಾದ್ದು ಮಾಮಾ?”

“ಇನ್ನೂ ಬರ್ಬೇಕು. ಆ ಹೀರೋನ ಮನೇಲೂ ವಯಸ್ಸಾದವ್ರು ಇರ್ತಾರಲ್ಲ.”

ಅತ್ತೆಯನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ಮೂರನೆಯ ದಿನ ಅಬ್ಬಲಿಗೆ ಮುಡಿದು ಜಗಲಿ ಇಳಿದಳು. ಸೀಟಿನಲ್ಲಿ ಕೂತಳು. ಮಾಮ ಮೆಲ್ಲಗೆ ಸೀಟನ್ನು ಒಳಗೆ ತಳ್ಳಿದ. ಕಾಲು ಎಲ್ಲೂ ತಾಗಲಿಲ್ಲ. ಹಾರವಾಡದ ಮನೆಯಂಗಳದಲ್ಲಿ ಸೀಟು ಹೊರಬಂದಾಗ ಅಕ್ಕ ಓಡಿ ಬಂದು ಕೈ ಹಿಡಿದಳು. ಇಬ್ಬರೂ ಅತ್ತರು, ನಕ್ಕರು, ಎರಡು ಸಲ ಚಹಾ ಕುಡಿದರು.

ಸಂಜೆ ಹೊರಟಾಗ ಮಾಮ ಕಾರನ್ನು ಮನೆಯ ದಾರಿಗೆ ತಿರುಗಿಸಿದ. ಅತ್ತೆ ಎದುರಿನ ರಸ್ತೆಯನ್ನೇ ನೋಡುತ್ತ ಕೇಳಿದಳು:

“ಇಷ್ಟು ಬೇಗ ಮನೆಗೆ ಹೋಗಿ ಎಂತ ಮಾಡೂದು? ಇನ್ನೊಂಚೂರು ಮುಂದೆ ಹೋಗ್ವಾ?”