ಆಯಿಯ ಕೋಣೆಯನ್ನು ತೊಂಬತ್ತು ಡಿಗ್ರಿ ತಿರುಗಿಸಿದ್ದು

ನಮ್ಮ ಕಾಕಾ ಮನುಷ್ಯನಲ್ಲ, ನಡೆದಾಡುವ ಗ್ರಾಫ್ ಹಾಳೆ! ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ, ಸರಿ. ಮನೆಗೆ ಬಂದ ಮೇಲಾದರೂ ಬಿಡಬೇಡವೇ? ನೆಲಕ್ಕೆ ಚೌಕ ಚೌಕವಾಗಿ ಹಾಸಿದ ಶಹಾಬಾದ್ ಕಲ್ಲೇ ಅವನ ಗ್ರಾಫ್, ಕೋಣೆಯ ಮೂಲೆಯೇ ಮೂಲಬಿಂದು. ‘ಕಾಕಾ, ನನ್ನ ಚಪ್ಪಲಿ ನೋಡೀರೇನ್ರಿ?’ ಎಂದರೆ ‘ಐದು ಬಲಕ್ಕ, ಒಂದು ಮ್ಯಾಲಕ್ಕ’ ಎನ್ನುತ್ತಾನೆ. ಅವನ ದನಿ ಅಣಕಿಸಿ ಇಡೀ ಓಣಿಯನ್ನು ನಗಿಸುವವನು ನಾನು. ಗಣಿತದಲ್ಲಿ ನನ್ನ ಅಂಕ ಕೇಳಿದರೆ ಅದೇ ಓಣಿ ಇನ್ನೂ ಜೋರಾಗಿ ನಗುತ್ತದೆ, ಆ ಮಾತು ಬೇಡ!

ಈಚೆಗೆ ಕಾಕಾನಿಗೆ ಸೇಡಂನಿಂದ ವಾಡಿಗೆ ವರ್ಗವಾಯಿತು. ಎಲ್ಲರಿಗೂ ಸಾಮಾನಿನ ಚಿಂತೆ. ಅವನಿಗೆ ಮಾತ್ರ ಆಯಿಯ ಚಿಂತೆ. ನಮ್ಮ ಆಯಿಗೆ, ಅಂದರೆ ಅವನ ತಾಯಿಗೆ, ಕಣ್ಣು ಪೂರ್ತಿ ಹೋಗಿವೆ. ಆದರೂ ಸೇಡಂನಲ್ಲಿ ಕಲ್ಲಿನ ಸಂದುಗಳನ್ನು ಪಾದದಿಂದಲೇ ಓದಿಕೊಂಡು ಒಬ್ಬಳೇ ಓಡಾಡುತ್ತಿದ್ದಳು. ಶಾಲೆಯಿಂದ ಬಂದ ಮಗನಿಗೆ ಬಾಗಿಲಲ್ಲೇ ನೀರು ಕೊಡುತ್ತಿದ್ದಳು.

‘ಹೊಸಾ ಮನ್ಯಾಗ ನಾ ಮೂಲ್ಯಾಗ ಇಟ್ಟ ಗಂಟು ಆಗ್ತೀನಿ ನೋಡಪಾ.’

‘ಆಗಗೊಡಂಗಿಲ್ಲವ್ವ! ಕೋಣಿನೇ ಎತ್ಕೊಂಡು ಒಯ್ತೀನಿ!’

ಒಯ್ದ! ವಾಡಿಯ ಮನೆಗೂ ಅದೇ ಅಳತೆಯ ಕಲ್ಲು. ಮಂಚ, ಪೆಟ್ಟಿಗೆ, ನೀರಿನ ಹರವಿ, ಎಲ್ಲವೂ ಹಳೆಯ ಲೆಕ್ಕದ ಕಲ್ಲುಗಳ ಮೇಲೇ ಕುಳಿತವು. ಆಯಿ ಎದ್ದು ಧೈರ್ಯವಾಗಿ ಹೊರಟವಳು ಗೋಡೆಗೆ ಹಣೆ ತಾಗಿಸಿ ನಿಂತಳು.

‘ಬಾಗಲಾ ಎಲ್ಲಿ ಬಿಟ್ಟು ಬಂದ್ಯೋ?’

ಸೇಡಂನ ಬಾಗಿಲು ಪೂರ್ವಕ್ಕೆ, ವಾಡಿಯದು ಉತ್ತರಕ್ಕೆ! ಗಣಿತದ ಮಾಸ್ತರ ಬಾಗಿಲನ್ನೇ ಮರೆತಿದ್ದ!

‘ತಿರುವಬೇಕು! ಎಲ್ಲಾ ಎಡಕ್ಕ ತೊಂಬತ್ತು ಡಿಗ್ರಿ!’ ಕಾಕಾ ಕುಣಿದ. ಮೂಲೆ ಹಿಡಿದು ಲೆಕ್ಕ ಹಾಕಿದ. ಮೂರು ಬಲಕ್ಕೆ, ಎರಡು ಮೇಲಕ್ಕೆ ಇದ್ದ ಹರವಿ ಮೈನಸ್ ಎರಡು, ಮೂರಕ್ಕೆ ಬಂತು.

‘ಮೈನಸ್ ಎರಡು ಎಲ್ಲಿ ಬರ್ತದ್ರಿ ಕಾಕಾ?’

‘ಗ್ವಾಡಿ ಆಚೆ...’

ಗೋಡೆಯಾಚೆ ಪಕ್ಕದವರ ಅಡುಗೆಮನೆ! ಅಲ್ಲಿನ ಅಕ್ಕ ಕಿಟಕಿಯಿಂದಲೇ ಕೂಗಿದಳು: ‘ಕಳಸ್ರಿ ಮಾಸ್ತರ್ರ, ನಮ್ಮ ನಳಕ್ಕ ನೀರೇ ಬಂದಿಲ್ಲ!’

‘ತಿರುವಿದ ಮ್ಯಾಲ ಸರಸಬೇಕಲೇ! ಎಲ್ಲಾ ಬಲಕ್ಕ, ಕೋಣಿ ಅಗಲದಷ್ಟು!’

ಸರಿಸುವವನು ಯಾರು? ನಾನು! ಬಿಂದುಗಳಿಗೇನು, ತೂಕವಿಲ್ಲ, ಆಯಿಯ ಪೆಟ್ಟಿಗೆಗೆ ಇದೆ!

ಆಯಿ ಮತ್ತೆ ಎದ್ದಳು. ಕಾಕಾ ಹೊಸ್ತಿಲಲ್ಲಿ ಉಸಿರು ಬಿಗಿಹಿಡಿದು ನಿಂತ. ಅವಳು ಪಾದದಿಂದ ಕಲ್ಲು ಸವರಿದಳು, ಕೈ ಚಾಚಿದಳು. ಹರವಿಯ ತಣ್ಣನೆಯ ಹೊಟ್ಟೆ ಬೆರಳಿಗೆ ಸಿಕ್ಕಿತು. ತಂಬಿಗೆ ತುಂಬಿಕೊಂಡು, ನೆಟ್ಟಗೆ ಬಾಗಿಲಿಗೆ ನಡೆದು, ಮಗನ ಎದೆಗೆ ತಾಗಿಸಿದಳು.

‘ಮುಂಜಾನಿಂದ ಕುಣಿಲಾಕತ್ತಿ. ಕುಡಿ.’

ಕಾಕಾ ತಂಬಿಗೆ ಎತ್ತಿದ. ಅದು ಖಾಲಿಯಾದ ಮೇಲೂ ಬಹಳ ಹೊತ್ತು ಮುಖದಿಂದ ಇಳಿಸಲಿಲ್ಲ.