ರಸಜ್ಞರ ಎಡನಾಲಿಗೆ

ಹೆಂಡತಿ: ಕಿವಿ ಸರಿಮಾಡಿ ಅಂತ ಕಳಿಸಿದ್ರೆ ನಾಲಿಗೆ ಕೆಡಿಸಿ ಕಳಿಸಿದ್ದೀರಲ್ಲ ಡಾಕ್ಟ್ರೇ! ಚಿಲಕ ಹಾಕೋಕೆ ಬಂದ ಬಡಗಿ ಒಲೆ ಒಡೆದು ಹೋದ ಹಾಗಾಯ್ತು!

ರಸಜ್ಞರು: ಮೆತ್ತಗೆ ಮಾತಾಡೇ. ಕಿವಿ ಈಗ ಚೆನ್ನಾಗಿ ಕೇಳಿಸುತ್ತೆ.

ಹೆಂಡತಿ: ಕೇಳಿಸಿ ಏನು ಬಂತು? ‘ಊಟ ಹೇಗಿದೆ’ ಅಂದ್ರೆ ‘ನಾಲಿಗೆ ಸತ್ತಿದೆ’ ಅಂತೀರಿ!

ರಸಜ್ಞರೆಂಬುದು ಚಹಾ ಕಾರ್ಖಾನೆಯವರು ಇಟ್ಟ ಹೆಸರು. ಸಾಲುಬಟ್ಟಲುಗಳಿಂದ ಒಂದೊಂದೇ ಗುಟುಕು ಹೀರಿ, ನಾಲಿಗೆಯ ಮೇಲೆ ಹೊರಳಿಸಿ, ಉಗುಳಿ, ತೀರ್ಪು ನೀಡುವುದು ಅವರ ಉದ್ಯೋಗ. ಎಡಗಿವಿಯ ಶಸ್ತ್ರಚಿಕಿತ್ಸೆಯ ತರುವಾಯ ನಾಲಿಗೆಯ ರುಚಿ ಕೆಟ್ಟು ಅವರ ಪೀಠ ಬರಿದಾಗಿತ್ತು. ನಾಲಿಗೆ ನೆಟ್ಟಗಿದೆಯೆಂದು ಡಾಕ್ಟರು ಇಂದು ಹೇಳದಿದ್ದರೆ ನಾಳೆ ಆ ಪೀಠವನ್ನು ಬೇರೊಬ್ಬರು ಏರುವರು. ಭಗವಂತನ ದಯೆಯಿಂದ ರುಚಿಯೇನೋ ಮರಳಿತ್ತು. ಆ ಶುಭವಾರ್ತೆಯನ್ನು ಅವರು ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ಮದುವೆಯಾದಂದಿನಿಂದ ತುತ್ತುತುತ್ತಿಗೂ ‘ಹೇಗಿದೆ?’ ಎಂಬ ಪ್ರಶ್ನೆ. ದಿಟವಾಡಿದರೆ ಮುನಿಸು, ಹೊಗಳಿದರೆ ಸಂಶಯ. ನಾಲಿಗೆ ಸತ್ತ ಮೇಲೆಯೇ ಆ ಮನೆಯಲ್ಲಿ ಶಾಂತಿ ನೆಲೆಸಿದ್ದುದು. ಇಂದು ಗುಟ್ಟಾಗಿ ಆಸ್ಪತ್ರೆಗೆ ಹೊರಟವರ ಬೆನ್ನಿಗೇ ಆಕೆ ಊಟದ ಡಬ್ಬಿಯೊಡನೆ ಬಂದುಬಿಟ್ಟಿದ್ದಳು.

ಡಾಕ್ಟರು: ಅಮ್ಮಾ, ರುಚಿಯ ನರ ಕಿವಿಯ ತಮಟೆ ಪಕ್ಕದಲ್ಲೇ ಹಾದು ನಾಲಿಗೆಗೆ ಹೋಗುತ್ತೆ. ಆಪರೇಷನ್ನಲ್ಲಿ ಅದಕ್ಕೆ ಪೆಟ್ಟಾಯ್ತು. ರುಚಿಮೊಗ್ಗುಗಳು ಹಳೇದು ಹೋಗಿ ಹೊಸದು ಹುಟ್ಟುತ್ತಲೇ ಇರಬೇಕು. ‘ಬೆಳೆಯಿರಿ’ ಅಂತ ಹೇಳೋ ಪದಾರ್ಥ ನರದಿಂದ ಬರುತ್ತೆ. ಅದು ನಿಂತರೆ ಮೊಗ್ಗು ಬಾಡುತ್ತೆ.

ಹೆಂಡತಿ: ಅಂದ್ರೆ ನರ ಬಡಿಸ್ತಾ ಇರಬೇಕು, ಮೊಗ್ಗು ತಿಂದು ಕೂತಿರುತ್ತೆ. ನಮ್ಮನೆ ಥರಾನೇ!

ಡಾಕ್ಟರು: ಹಾಗಲ್ಲಮ್ಮ. ನರ ದಾರಿ ತಪ್ಪದೆ ಬರಲಿ ಅಂತ ನಾಲಿಗೆಯೂ ಒಂದು ಪದಾರ್ಥ ಕಳಿಸಿ ಕರೆಯುತ್ತೆ. ಇದು ಕರೀಬೇಕು, ಅದು ಪೋಷಿಸಬೇಕು.

ರಸಜ್ಞರು: ಪೋಷಿಸಿದ ಮೇಲೆ ‘ಹೇಗಿತ್ತು’ ಅಂತ ಕೇಳುತ್ತಾ ಡಾಕ್ಟ್ರೇ, ಆ ನರ?

ಡಾಕ್ಟರು: ಇಲ್ಲ, ಕೇಳೋದಿಲ್ಲ.

ರಸಜ್ಞರು: ಪುಣ್ಯ ಮಾಡಿದ ಮೊಗ್ಗು!

ಡಾಕ್ಟರು: ಅದೂ ಅಲ್ಲದೆ, ಹೋಗಿದ್ದು ಎಡಗಡೆ ರುಚಿ ಮಾತ್ರ. ಬಲಗಡೆ ಮೊದಲಿಂದಲೂ ಚೆನ್ನಾಗೇ ಇತ್ತಲ್ಲ.

ಹೆಂಡತಿ ಡಬ್ಬಿ ಸಮೇತ ಗಂಡನ ಕಡೆ ತಿರುಗಿದಳು. ಗುಣವಾದ ಕಿವಿಗೆ ಆಕೆಯ ಬಳೆಯ ಸದ್ದು ಅತಿ ಸ್ಪಷ್ಟವಾಗಿ ಕೇಳಿಸಿತು.

ಹೆಂಡತಿ: ರೀ, ಬಲಗಡೆ ಚೆನ್ನಾಗಿತ್ತಂತೆ.

ರಸಜ್ಞರು: ನಾನು ಎಡಗಡೆಯಲ್ಲೇ ಅಗಿಯೋದು ಕಣೇ. ಬಲಗಡೆ ಹಲ್ಲುನೋವು.

ಹೆಂಡತಿ: ಆ ಹಲ್ಲು ಹೋದ ವರ್ಷವೇ ಕೀಳಿಸಿದ್ರಲ್ಲ!

ರಸಜ್ಞರು: ಅದು ಹೋದ ದುಃಖ ಇನ್ನೂ ಆರಿಲ್ಲ.

ಹೆಂಡತಿ: ಸೂಪು? ಅದನ್ನೂ ಅಗೀತೀರಾ? ಡಾಕ್ಟ್ರೇ, ರುಚಿ ನೋಡಿಸೋಕೆ ನಿಮ್ಮ ಔಷಧದ ಹನಿ ಬೇಡ. ಇಗೋ ನಾನು ಮಾಡಿದ ತರಕಾರಿ ಸೂಪು. ಇದರಲ್ಲೇ ಪರೀಕ್ಷೆ ಆಗಲಿ!

ವಾಸನೆಯ ನೆರವು ಸಿಗದಿರಲೆಂದು ಡಾಕ್ಟರು ರಸಜ್ಞರ ಮೂಗು ಹಿಡಿದು, ಸೂಪಿನಲ್ಲದ್ದಿದ ಹತ್ತಿಯನ್ನು ನಾಲಿಗೆಯ ಎಡ ಅಂಚಿಗೆ ಸವರಿದರು.

ರಸಜ್ಞರು: (ಮೂಗಿನಿಂದ) ಅಮೃತ!

ಡಾಕ್ಟರು: ಹೊಗಳಿಕೆ ಬೇಡ ಯಜಮಾನ್ರೇ, ಅದಕ್ಕೆ ನಾಲಿಗೆಯೇ ಬೇಕಿಲ್ಲ. ಬಿಡಿಸಿ ಹೇಳಿ. ಇಲ್ಲದಿದ್ರೆ ಕಾರ್ಖಾನೆಯವರಿಗೆ ಏನಂತ ಹೇಳಲಿ?

ರಸಜ್ಞರು ಕಣ್ಣು ಮುಚ್ಚಿದರು. ಒಂದು ಕಡೆ ಸಾಲುಬಟ್ಟಲುಗಳು, ತಮ್ಮ ಪೀಠ. ಇನ್ನೊಂದು ಕಡೆ ಡಬ್ಬಿ ಹಿಡಿದು ನಿಂತ ಧರ್ಮಪತ್ನಿ. ಇಷ್ಟದೈವವನ್ನು ನೆನೆದು ಬಾಯಿ ತೆರೆದರು. ತೆರೆದ ಮೇಲೆ ವೃತ್ತಿಯ ಹೆಮ್ಮೆ ಅದನ್ನು ಮುಚ್ಚಲು ಬಿಡಲಿಲ್ಲ.

ರಸಜ್ಞರು: ಉಪ್ಪು ಕಡಿಮೆ. ಅದರ ಹಿಂದೆಯೇ ಒಂದು ಕಹಿ ಇದೆ, ತಳ ಸೀದಿರಬೇಕು. ಆ ಕಹಿ ಮುಚ್ಚೋಕೆ ಸಕ್ಕರೆ ಹಾಕಿದಾಳೆ. ಸಕ್ಕರೆ ಕೈಮೀರಿದೆ. ಅದನ್ನ ಮುಚ್ಚೋಕೆ ನಿಂಬೆಹಣ್ಣು ಹಿಂಡಿದಾಳೆ. ಮನಸ್ಸಿಗೆ ಬೇಜಾರಾಗಿ ಅಲ್ಲಿಗೇ ಬಿಟ್ಟಿದಾಳೆ.

ಡಾಕ್ಟರು: ಅಮ್ಮಾ, ಇದೆಲ್ಲ ನಿಜಾನಾ?

ಆಕೆ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು.

ಹೆಂಡತಿ: ಬೇಜಾರಾಗಿದ್ದೂ ನಿಜ.

ಡಾಕ್ಟರು: ಹಾಗಾದ್ರೆ ನರ ಮನೆ ಸೇರಿದೆ, ಮೊಗ್ಗು ಚಿಗುರಿದೆ! ಕಾರ್ಖಾನೆಗೆ ಈಗಲೇ ಫೋನ್ ಮಾಡ್ತೀನಿ. ನಾಳೆಯಿಂದ ಕೆಲಸಕ್ಕೆ ಹೋಗಿ.

ರಸಜ್ಞರು ಮನದಲ್ಲೇ ಕೈಮುಗಿದು ಎದ್ದರು. ಬಾಗಿಲ ಬಳಿ ಹೋದವಳು ಹಿಂದಿರುಗಿ ನೋಡಿದಳು.

ಹೆಂಡತಿ: ಡಾಕ್ಟ್ರೇ, ಇವರ ಬಲಗಿವಿ ಹೇಗಿದೆ?

ಡಾಕ್ಟರು: ಅದಕ್ಕೇನಮ್ಮ, ಬಹಳ ಚೆನ್ನಾಗಿದೆ.

ಹೆಂಡತಿ: ಆದ್ರೂ ಒಂದು ಆಪರೇಷನ್ ಮಾಡಿಬಿಡಿ. ಹಾಗೇ ಎಡಗಡೇದನ್ನೂ ಇನ್ನೊಂದ್ಸಲ.