ಕುಂದಾದ್ರಿಗೆ ನಾಲ್ಕನೇ ಸಲ

ಟೈಲರ್ ಮಹಾಂತೇಶ್ ಕುಂದಾದ್ರಿ ಬೆಟ್ಟಕ್ಕೆ ಮೂರು ಸಲ ಹೋಗಿ ಬಂದಿದ್ದಾನೆಂಬುದು ಶಿಕಾರಿಪುರದ ಅವನ ಬೀದಿಗೆಲ್ಲ ಗೊತ್ತಿತ್ತು. ಒಂದು ಸಲವೂ ಹೋಗಿಲ್ಲವೆಂಬುದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ: ಅವನಿಗೆ ಮತ್ತು ಅವನ ಹೆಂಡತಿ ರಾಜೇಶ್ವರಮ್ಮನಿಗೆ.

ಬಸ್ಸು ಹತ್ತಿದರೆ ಅವನಿಗೆ ವಾಂತಿ. ಸೊರಬದ ಮದುವೆಗೆ ಹೊರಟರೂ ಶಿರಾಳಕೊಪ್ಪ ಬರುವುದರೊಳಗೆ ತಲೆ ಕಿಟಕಿಯ ಹೊರಗಿರುತ್ತಿತ್ತು. ಹಾಗಾಗಿ ಅವನು ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೆ ಊರುಗಳೆಲ್ಲ ಅವನ ಅಂಗಡಿಗೆ ಬರುತ್ತಿದ್ದವು. ಸೊರಬದ ಜೈನ ವ್ಯಾಪಾರಿಯೊಬ್ಬರು ಜುಬ್ಬ ಹೊಲಿಸಲು ಬಂದಾಗಲೆಲ್ಲ ಕುಂದಾದ್ರಿಯನ್ನು ವರ್ಣಿಸುತ್ತಿದ್ದರು. ತುದಿಯಲ್ಲಿ ಪಾರ್ಶ್ವನಾಥ ಸ್ವಾಮಿಯ ಬಸದಿ, ಬಂಡೆಯ ಮೇಲೆ ಕೊಳ, ಕೆಳಗೆ ಕಣ್ಣು ಹರಿಯುವಷ್ಟು ದೂರ ಕಾಡು. ಮುಂದಿನ ಗಿರಾಕಿ ಬರುವ ಹೊತ್ತಿಗೆ ಅದೆಲ್ಲ ಮಹಾಂತೇಶ್ ಕಣ್ಣಾರೆ ಕಂಡದ್ದಾಗಿರುತ್ತಿತ್ತು. ಯಾರದೋ ಬಟ್ಟೆ ತನ್ನ ಕೈಯಲ್ಲಿ ಅಂಗಿಯಾಗುವ ಹಾಗೆ ಯಾರದೋ ಯಾತ್ರೆ ತನ್ನ ಬಾಯಲ್ಲಿ ತನ್ನದಾದರೆ ಏನು ತಪ್ಪು ಎಂದು ಅವನ ಲೆಕ್ಕ.

ತೊಂಬತ್ತಾರನೇ ಇಸವಿಯ ಸಂಕ್ರಾಂತಿ ಕಳೆದ ವಾರ, ಬೀಜ-ಗೊಬ್ಬರದ ಅಂಗಡಿಯ ಮಲ್ಲಿಕಾರ್ಜುನಪ್ಪ ಅಂಗಿಗೆ ಅಳತೆ ಕೊಡುತ್ತ ನಿಂತಿದ್ದ.

"ಮಾಂತೇಶಪ್ಪಾ, ಭಾನುವಾರ ಒಂದು ಮೆಟಡೋರ್ ಮಾಡೀನಿ. ನಮ್ಮ ಬೀದಿಯವರು ಹತ್ತು ಮಂದಿ, ಕುಂದಾದ್ರಿಗೆ. ದಾರಿ ತೋರ್ಸೋರು ನೀವೇ. ನೀವಿಲ್ದೆ ಗಾಡಿ ಹೊರಡೋದೇ ಇಲ್ರೀ."

ಟೇಪು ಇದ್ದದ್ದು ಮಲ್ಲಿಕಾರ್ಜುನಪ್ಪನ ಕೊರಳಲ್ಲಿ. ಬಿಗಿದದ್ದು ಮಹಾಂತೇಶನ ಕೊರಳಿಗೆ.

ಮನೆಯಲ್ಲಿ ವಿಷಯ ತಿಳಿದಾಗ ರಾಜೇಶ್ವರಮ್ಮ ಟ್ರಂಕಿನಿಂದ ಹಸಿರು ಸೀರೆ ತೆಗೆದು ಕೊಡವಿದಳು. "ಒಳ್ಳೇದಾತು ಬಿಡ್ರಿ. ನಾಲ್ಕನೇ ಸಲಕ್ಕಾದ್ರೂ ನನಗೊಂದು ಸೀಟು ಸಿಕ್ತು."

ಭಾನುವಾರ ನಸುಕಿನಲ್ಲಿ ಮೆಟಡೋರ್ ಹೊರಟಿತು. ಮಹಾಂತೇಶನನ್ನು ಗೌರವದಿಂದ ಡ್ರೈವರನ ಪಕ್ಕ ಕೂರಿಸಿದರು. ಶಿವಮೊಗ್ಗ ದಾಟುವವರೆಗೆ ಅವನು ಕಣ್ಣು ಮುಚ್ಚಿ, ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು, ಬಾವಿಗೆ ಬಿದ್ದ ಬೆಕ್ಕಿನ ಹಾಗೆ ಮುದುರಿ ಕೂತಿದ್ದ. ಹಿಂದಿನ ಸೀಟಿನ ಬಸಕ್ಕ, ಎದುರುಮನೆಯವಳು, ಬೀದಿಯ ಸುದ್ದಿಗೆಲ್ಲ ಒಡತಿ, "ನೋಡ್ರಿ, ಬೆಟ್ಟದ ದೇವರ ಧ್ಯಾನ ಮಾಡ್ತಾನೆ" ಎಂದಳು.

ತೀರ್ಥಹಳ್ಳಿ ಕಳೆದ ಮೇಲೆ ರಸ್ತೆ ಎರಡಾಯಿತು.

"ಅಣ್ಣಾರೆ, ಎಡಕ್ಕಾ ಬಲಕ್ಕಾ?" ಎಂದ ಡ್ರೈವರ್.

ಅದೇ ಹೊತ್ತಿಗೆ ಮಹಾಂತೇಶನ ಹೊಟ್ಟೆ ಮೇಲೆ ಬಂತು. ಗಾಡಿ ನಿಲ್ಲಿಸು ಎಂದು ಕೈ ಬೀಸಿದ. ಕೈ ಬಲಕ್ಕೆ ಹೋಯಿತು. ಗಾಡಿಯೂ ಬಲಕ್ಕೆ ಹೋಯಿತು. ಐದು ಮೈಲಿ ಹೋದ ಮೇಲೆ ಆ ರಸ್ತೆ ಯಾರದೋ ಭತ್ತದ ಕಣದಲ್ಲಿ ಮುಗಿಯಿತು. ಅಲ್ಲಿ ಹುಲ್ಲು ಒಟ್ಟುತ್ತಿದ್ದ ಹೆಂಗಸು ಬಂದ ದಾರಿಯನ್ನೇ ತೋರಿಸಿದಳು.

"ಮೂರು ಸಲ ಬಂದೋನಿಗೆ ದಾರಿ ತಪ್ತೈತಾ?" ಬಸಕ್ಕನ ಧ್ವನಿಯಲ್ಲಿ ಮೊದಲ ಅನುಮಾನ ಮೂಡಿತು.

"ಆಗ ಈ ರಸ್ತೆ ಇರ್ಲಿಲ್ಲ ಬಸಕ್ಕ," ಎಂದ ಮಹಾಂತೇಶ್. ರಸ್ತೆಯ ಬದಿಯ ಮೈಲಿಗಲ್ಲು ಅವನ ಅಜ್ಜನಷ್ಟು ಹಳೆಯದಾಗಿತ್ತು.

ಬೆಟ್ಟದ ಬುಡದಲ್ಲಿ ಡ್ರೈವರ್ ತಲೆಯೆತ್ತಿ ರಸ್ತೆ ನೋಡಿದ. ಅದು ಗೋಡೆಗೆ ಒರಗಿಸಿದ ಏಣಿಯ ಹಾಗಿತ್ತು. "ಈ ಏರಿಗೆ ನನ್ನ ಗಾಡಿ ಹತ್ತಲ್ರೀ. ನಡೀರಿ, ನಾನೂ ಬರ್ತೀನಿ."

ಎಲ್ಲರೂ ನಡೆದರು. ಗಾಡಿಯಿಂದ ಇಳಿದದ್ದೇ ಮಹಾಂತೇಶನಿಗೆ ಹೋದ ಜೀವ ಬಂದಂತಾಯಿತು. ರಾಜೇಶ್ವರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂದೆ ಹೆಜ್ಜೆ ಹಾಕಿದಳು. ತಂಪು ಗಾಳಿ, ದೂರದಲ್ಲೆಲ್ಲೋ ಹಕ್ಕಿಯ ಕೂಗು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ಮಹಾಂತೇಶ್ ಕಂಡು ಬಹಳ ದಿನಗಳಾಗಿದ್ದವು. ಅದನ್ನು ನೋಡುತ್ತ ನಡೆಯೋಣವೆಂದರೆ ಪಕ್ಕದಲ್ಲಿ ಬಸಕ್ಕ.

"ಸಾವಿರ ಮೆಟ್ಲು ಹತ್ತಿದೆ ಅಂತಿದ್ದೆಯಲ್ಲಪ್ಪ. ಎಲ್ಲಿ?"

"ಮುಂದೈತಿ, ಮುಂದೈತಿ."

ಕೊನೆಗೆ ಮೆಟ್ಟಿಲು ಬಂದವು. ಬಸಕ್ಕ ಒಂದೊಂದನ್ನೇ ಎಣಿಸುತ್ತ ಹತ್ತಿದಳು. ನೂರು ತುಂಬುವ ಮೊದಲೇ ಬಸದಿಯ ಬಾಗಿಲು ಬಂತು. ಏದುಸಿರು ಬಿಡುತ್ತಿದ್ದ ಹತ್ತು ಮಂದಿಯೂ ಗೈಡಿನ ಕಡೆ ತಿರುಗಿದರು.

"ಉಳಿದವು ಎಲ್ಲಿ ಹೋದ್ವು, ಮಾಂತೇಶಪ್ಪಾ?" ಎಂದ ಮಲ್ಲಿಕಾರ್ಜುನಪ್ಪ.

ಇನ್ನು ಒಪ್ಪಿಕೊಂಡುಬಿಡುವುದೇ ಸರಿ ಎಂದು ಮಹಾಂತೇಶ್ ಮುಗಿಯಲು ಕೈ ಎತ್ತಿದ. ಅಷ್ಟರಲ್ಲಿ ಬಸದಿಯ ಅರ್ಚಕರು, ಎಲ್ಲರೂ ಇಂದ್ರರು ಎಂದು ಕರೆಯುವ ಮುದುಕರು, ಹೊರಗೆ ಬಂದವರು ಅವನನ್ನು ನೋಡಿ ಮುಖವರಳಿಸಿದರು.

"ಓಹೋ! ಮತ್ತೆ ಬಂದ್ರಲ್ಲ ಮಾರಾಯ್ರೇ! ಬನ್ನಿ ಬನ್ನಿ. ನೀವು ನಮ್ಮನ್ನ ಮರೆಯೋರೇ ಅಲ್ಲ."

ಹತ್ತು ಮಂದಿಯ ಮುಖದಿಂದ ಅನುಮಾನ ಒರೆಸಿಹೋಯಿತು. ಮಲ್ಲಿಕಾರ್ಜುನಪ್ಪ ಅವನ ಬೆನ್ನು ತಟ್ಟಿದ. ಮಹಾಂತೇಶ್ ಒಳಗಿನ ಪಾರ್ಶ್ವನಾಥ ಸ್ವಾಮಿಗೆ, ತಲೆಯ ಮೇಲೆ ಹೆಡೆಯೆತ್ತಿದ ಸರ್ಪಕ್ಕೆ, ಬಾಗಿಲಿನ ಚಿಲಕಕ್ಕೂ ಸೇರಿಸಿ ಕೈ ಮುಗಿದ. ಇಂದ್ರರು ಮಾತು ಅಲ್ಲಿಗೇ ನಿಲ್ಲಿಸಿದ್ದರೆ ಅವನ ಜನ್ಮ ಪಾವನವಾಗುತ್ತಿತ್ತು.

"ಹೋದ ಸಲ ನಿಮ್ಮ ಮನೆಯವರಿಗೆ ಮಂಡಿನೋವು ಅಂತ ಅರ್ಧ ದಾರೀಲಿ ಕೂತುಬಿಟ್ಟಿದ್ರಲ್ಲ. ಈಗ ಹ್ಯಾಗಿದಾರೆ?"

ಎಲ್ಲರಿಗಿಂತ ಮೊದಲು ಬೆಟ್ಟ ಹತ್ತಿದ್ದ ರಾಜೇಶ್ವರಮ್ಮ ತನ್ನ ಎರಡು ಗಟ್ಟಿ ಮಂಡಿಗಳ ಮೇಲೆ ನಿಂತು ಗಂಡನನ್ನೇ ನೋಡಿದಳು. ಬಸಕ್ಕ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿದಳು.

ಪೂಜೆ ಮುಗಿಯಿತು. ಕೊಳದ ದಂಡೆಯಲ್ಲಿ ಬುತ್ತಿ ಬಿಚ್ಚಿದರು. ರೊಟ್ಟಿಗೆ ಶೇಂಗಾ ಚಟ್ನಿ ಹಾಕುತ್ತ ರಾಜೇಶ್ವರಮ್ಮ ಮೆಲ್ಲಗೆ ಕೇಳಿದಳು, "ಯಾರ್ರೀ ಆಕೆ?"

"ಯಾವ ಆಕೆ? ನಾನು ಬಂದೇ ಇಲ್ಲ ಅಂತ ನಿನಗೆ ಗೊತ್ತಲ್ಲ!"

"ಗೊತ್ತು ಅಂತ ತಿಳ್ಕೊಂಡಿದ್ದೆ. ದೇವರ ಮುಂದೆ ನಿಂತೋರು ಸುಳ್ಳು ಹೇಳ್ತಾರಾ?"

"ನನ್ನಾಣೆ..."

"ರೊಟ್ಟಿ ತಿನ್ರಿ," ಎಂದು ಅವಳು ಕೊಳದ ಕಡೆ ತಿರುಗಿ ಕೂತಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡು ಮಹಾಂತೇಶ್ ರೊಟ್ಟಿಯನ್ನು ಹಾಗೇ ಕೆಳಗಿಟ್ಟ. ಕೆಳಗೆ ಕಾಡು ಅಷ್ಟು ದೂರ ಹಬ್ಬಿತ್ತು, ವ್ಯಾಪಾರಿ ಹೇಳಿದ್ದಕ್ಕಿಂತ ಚೆಂದವಾಗಿತ್ತು. ನೋಡಲು ಅವನಿಗೆ ಕಣ್ಣಿರಲಿಲ್ಲ.

ವಾಪಸು ಬರುವಾಗ ತೀರ್ಥಹಳ್ಳಿಯಲ್ಲಿ ಚಹಾಕ್ಕೆ ಇಳಿದರು. ಮಹಾಂತೇಶ್ ಲೋಟ ಕೆಳಗಿಟ್ಟು ಎದ್ದು ನಿಂತ.

"ಎಲ್ರೂ ಕೇಳ್ರಿ. ನಾನು ಕುಂದಾದ್ರಿಗೆ ಇವತ್ತೇ ಮೊದಲ ಸಲ ಬಂದದ್ದು. ಹೇಳಿದ್ದೆಲ್ಲ ಸುಳ್ಳು. ಸೊರಬದ ಒಬ್ಬ ಗಿರಾಕಿ ಹೇಳಿದ್ದನ್ನ ನಾನು ಹೇಳಿದೆ. ಶಿವಮೊಗ್ಗ ದಾಟಿದ್ದೂ ಇವತ್ತೇ. ತಪ್ಪಾತು."

ಮಲ್ಲಿಕಾರ್ಜುನಪ್ಪನ ಕಣ್ಣು ತೇವವಾಯಿತು.

"ನೋಡ್ರಪ್ಪಾ, ಇದಕ್ಕೆ ದೊಡ್ಡತನ ಅಂತಾರೆ. ಇಂದ್ರರೇ ಗುರುತು ಹಿಡಿದು ಮಾತಾಡಿಸಿದ್ರು. ಆದ್ರೂ ಬಂದೇ ಇಲ್ಲ ಅಂತಾನೆ. ನಾವು ಒಂದು ಸಲ ಹೋಗಿ ಹತ್ತು ಸಲ ಹೇಳ್ತೀವಿ."

"ದೊಡ್ಡತನ ಅಲ್ರೀ, ನಿಜ!"

"ಹೌದ್ಹೌದು," ಎಂದು ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು. ಡ್ರೈವರ್ ಮಾತ್ರ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮುತ್ತ ಹೊರಗೆ ಓಡಿದ. ಬಸಕ್ಕ ಮಹಾಂತೇಶನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು:

"ಹೆಂಡತಿ ಎದುರಿಗೆ ಹೇಳೋಕಾಗಲ್ಲ, ನನಗೆ ಗೊತ್ತಾಗ್ತೈತಪ್ಪ. ಹೆಸರು ಬ್ಯಾಡ. ಯಾವ ಊರು ಅಂತ ಹೇಳು, ಸಾಕು."

ದೀಪ ಹಚ್ಚುವ ಹೊತ್ತಿಗೆ ಶಿಕಾರಿಪುರ ಬಂತು. ಮಹಾಂತೇಶ್ ದಾರಿಯುದ್ದಕ್ಕೂ ವಾಂತಿಯನ್ನೇ ಮರೆತಿದ್ದ. ಮನೆಯೊಳಗೆ ಕಾಲಿಟ್ಟವನೇ ಹೆಂಡತಿಯ ಮುಂದೆ ನೆಲದ ಮೇಲೆ ಕೂತ.

"ರಾಜೀ, ಯಾವ ದೇವರ ಮುಂದೆ ಬೇಕಾದ್ರೂ ದೀಪ ಆರಿಸಿ ಆಣೆ ಮಾಡ್ತೀನಿ. ನಾನು..."

ರಾಜೇಶ್ವರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕೊಳದ ದಂಡೆಯಲ್ಲಿ ಅಲುಗಿದ ಹಾಗೇ ಭುಜ ಅಲುಗಿತು.

"ಆ ಇಂದ್ರರಿಗೆ ಕಣ್ಣು ಮಂಜ್ರೀ. ಬಂದೋರೆಲ್ಲ ಹಳಬರು ಅಂತಾನೇ ಮಾತಾಡಿಸ್ತಾರೆ, ಪಾಪ. ನೀವು ಕೊಳಕ್ಕೆ ಕೈ ತೊಳಿಯೋಕೆ ಹೋದಾಗ ಡ್ರೈವರ್‌ಗೂ 'ನಿಮ್ಮ ಮನೆಯವರ ಮಂಡಿನೋವು ಹ್ಯಾಗಿದೆ' ಅಂದ್ರು. ಅವನಿಗೆ ಇನ್ನೂ ಹೆಣ್ಣೇ ಸಿಕ್ಕಿಲ್ಲ. ಯಾರಿಗೂ ಹೇಳಬ್ಯಾಡಪ್ಪ ಅಂತ ನಾನೇ ಅವನ ಬಾಯಿ ಮುಚ್ಚಿಸಿದೆ."

"ಮತ್ತೆ ದಾರಿಯುದ್ದಕ್ಕೂ ನನ್ನ ಯಾಕೆ ಗೋಳು ಹೊಯ್ಕೊಂಡೆ?"

ಅವಳು ನಗು ನಿಲ್ಲಿಸಿದಳು. "ಮೂರು ಸಲ ಹೋಗಿ ಬಂದೆ ಅಂತ ಊರಿಗೆಲ್ಲ ಹೇಳಿದ್ರಿ. ಒಂದು ಸಲಾನಾದ್ರೂ ನನ್ನ ಕರ್ಕೊಂಡು ಹೋಗಿದ್ದೆ ಅಂದ್ರಾ? ಹೇಳೋದು ಸುಳ್ಳು, ಅದರಾಗೂ ಒಬ್ಬರೇ! ಆ ಮುದುಕರ ಬಾಯಾಗಾದ್ರೂ ನಿಮ್ಮ ಜೊತೆ ನಾನಿದ್ದೆ."

ಮಹಾಂತೇಶನ ಎದೆ ಹಗುರಾಯಿತು. ಇನ್ನು ಮುಂದೆ ಸುಳ್ಳೂ ಬೇಡ, ಮೆಟಡೋರೂ ಬೇಡ ಎಂದುಕೊಳ್ಳುತ್ತಿರುವಾಗ ಬಾಗಿಲು ಬಡಿದ ಸದ್ದಾಯಿತು. ಮಲ್ಲಿಕಾರ್ಜುನಪ್ಪ ನೋಟ್‌ಬುಕ್ಕು ಹಿಡಿದು ನಿಂತಿದ್ದ. ಹಿಂದೆ ಬಸಕ್ಕ.

"ಮಾಂತೇಶಪ್ಪಾ, ಬೀದಿಯವರೆಲ್ಲ ಮಾತಾಡ್ಕೊಂಡೀವಿ. ತಿಂಗಳಿಗೊಂದು ಯಾತ್ರೆ, ನಿಮ್ಮ ಮುಂದಾಳತ್ವ. ನೀವಂತೂ ಹೋಗಿದೀನಿ ಅಂತ ಬಾಯಿ ಬಿಡೋರಲ್ಲ. ಅದಕ್ಕೆ, ನೀವು ಹೋಗಿಲ್ಲದ ಜಾಗ ಯಾವ್ಯಾವು ಅಂತ ಹೇಳ್ರಿ ಸಾಕು, ಬರ್ಕೊಳ್ತೀನಿ."

"ನಾನು ಎಲ್ಲಿಗೂ ಹೋಗಿಲ್ಲ!" ಎಂದು ಮಹಾಂತೇಶ್ ಕಿರುಚಿದ.

"ಅಬ್ಬಾ!" ಎಂದು ಮಲ್ಲಿಕಾರ್ಜುನಪ್ಪ ಪುಟ ತಿರುಗಿಸಿದ. "ಹಂಗಾದ್ರೆ ಈ ಹಾಳೆ ಸಾಲಲ್ಲ."

ರಾಜೇಶ್ವರಮ್ಮ ಒಳಗಿನಿಂದ ಕುರ್ಚಿ ತಂದು ಹಾಕಿದಳು. "ಕೂತ್ಕೊಳ್ರಿ ಅಣ್ಣಾರೆ. ಹೊಂಬುಜದ ಬಸದಿಯಿಂದ ಶುರು ಮಾಡ್ರಿ."